ದೂರು ಸರಿ, ವಿಳಾಸ ತಪ್ಪು: ಹೊಸ ಡ್ರಮ್ಮರ್‌ನ ಮೊದಲ ಆಲ್ಬಮ್ ಕೇಳುವ ಬಗೆ

ಪ್ರಶ್ನೆ: ಡ್ರೀಮ್ ಥಿಯೇಟರ್ ಎಂಬ ಅಮೆರಿಕದ ಪ್ರೋಗ್ರೆಸಿವ್ ಮೆಟಲ್ (ಜಟಿಲ ಲಯ, ದೀರ್ಘ ಹಾಡುಗಳ ಗಡುಸು ರಾಕ್) ತಂಡದ ಆಲ್ಬಮ್‌ಗಳನ್ನು ಮೊದಲಿನಿಂದ ಒಂದೊಂದಾಗಿ ಕೇಳುತ್ತಾ 2011ರ ‘ಎ ಡ್ರಮ್ಯಾಟಿಕ್ ಟರ್ನ್ ಆಫ್ ಇವೆಂಟ್ಸ್’ಗೆ ಬಂದಿದ್ದೇನೆ. ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ ಹೋಗಿ ಮೈಕ್ ಮ್ಯಾಂಜಿನಿ ಬಂದ ಮೇಲಿನ ಮೊದಲ ಆಲ್ಬಮ್ ಇದು. ‘ಕೈಚಳಕದಲ್ಲಿ ದೊಡ್ಡವನು, ಆದರೆ ಯಂತ್ರ, ನುಡಿಸಾಣಿಕೆಯಲ್ಲಿ ಜೀವವಿಲ್ಲ’ ಎಂದು ಅಭಿಮಾನಿಗಳು ಹೇಳುವುದನ್ನು ಕೇಳಿದ್ದೇನೆ. ನನಗೂ ಏನೋ ಕೊರತೆ ಕಾಣಿಸುತ್ತಿದೆ. ಅದು ನನ್ನ ಕಿವಿಯ ತೀರ್ಪೋ ಅವರಿವರ ಮಾತಿನ ಪ್ರಭಾವವೋ ತಿಳಿಯುತ್ತಿಲ್ಲ. ಹೊಸ ಡ್ರಮ್ಮರ್‌ನನ್ನು ನ್ಯಾಯವಾಗಿ ಅಳೆಯುವುದು ಹೇಗೆ? 2023ರಲ್ಲಿ ಪೋರ್ಟ್‌ನಾಯ್ ಮರಳಿ ಬಂದಿದ್ದರಿಂದ ಟೀಕಾಕಾರರ ಮಾತೇ ಗೆದ್ದಂತಾಯಿತಲ್ಲವೇ?

ಉತ್ತರ: ನಿಮಗೆ ಕೇಳಿಸುತ್ತಿರುವ ಕೊರತೆ ನಿಜವಾದದ್ದೇ. ಅದಕ್ಕೆಲ್ಲ ಮ್ಯಾಂಜಿನಿ ಹೊಣೆ ಎಂಬುದು ಮಾತ್ರ ನಿಜವಲ್ಲ. ಆ ಆಲ್ಬಮ್ ಬಗ್ಗೆ ಅಭಿಮಾನಿಗಳು ಬರೆದ ದೂರುಗಳಲ್ಲಿ ಬಹುಪಾಲು ನನಗೆ ಒಪ್ಪಿಗೆಯಿದೆ. ಆದರೆ ಮೂರ್ನಾಲ್ಕು ಜನರ ಹೆಸರಿಗೆ ಹಂಚಬೇಕಾದ ದೂರನ್ನೆಲ್ಲ ಒಬ್ಬನ ವಿಳಾಸಕ್ಕೆ ಕಳಿಸಿಬಿಟ್ಟಿದ್ದಾರೆ.

ಆ ಆಲ್ಬಮ್ ಹೇಗೆ ಹುಟ್ಟಿತು ಎಂಬುದನ್ನು ಮೊದಲು ನೋಡೋಣ. ಪೋರ್ಟ್‌ನಾಯ್ ತಂಡ ಬಿಟ್ಟದ್ದು 2010ರ ಸೆಪ್ಟೆಂಬರ್‌ನಲ್ಲಿ. ಅವರು ಬರೀ ಡ್ರಮ್ಮರ್ ಆಗಿರಲಿಲ್ಲ. 1985ರಲ್ಲಿ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಗಿಟಾರ್ ವಾದಕ ಜಾನ್ ಪೆಟ್ರೂಚಿ ಮತ್ತು ಬೇಸ್ ವಾದಕ ಜಾನ್ ಮ್ಯೂಂಗ್ ಜೊತೆ ಸೇರಿ ತಂಡ ಕಟ್ಟಿದವರು. 1999ರ ಆಲ್ಬಮ್‌ನಿಂದ ಮುಂದೆ ಪೆಟ್ರೂಚಿಯೊಂದಿಗೆ ಸಹ ನಿರ್ಮಾಪಕರು. ವೇದಿಕೆಯಲ್ಲಿ ಯಾವ ಹಾಡಿನ ನಂತರ ಯಾವ ಹಾಡು ಎಂದು ತೀರ್ಮಾನಿಸುತ್ತಿದ್ದವರು. ಹಿಮ್ಮೇಳದಲ್ಲಿ ಹಾಡುತ್ತಿದ್ದವರು, ಕೊನೆಕೊನೆಯ ಆಲ್ಬಮ್‌ಗಳಲ್ಲಿ ಗುಡುಗುವ ದನಿಯನ್ನೂ ಕೊಟ್ಟವರು. ಅವರ ಜಾಗಕ್ಕೆ ಏಳು ಡ್ರಮ್ಮರ್‌ಗಳನ್ನು ಕರೆಸಿ ಪರೀಕ್ಷೆ ನಡೆಸಲಾಯಿತು: ಮೈಕ್ ಮ್ಯಾಂಜಿನಿ, ಮಾರ್ಕೊ ಮಿನ್ನೆಮನ್, ವರ್ಜಿಲ್ ಡೊನಾಟಿ, ಥಾಮಸ್ ಲ್ಯಾಂಗ್, ಡೆರೆಕ್ ರಾಡಿ, ಅಕಿಲೆಸ್ ಪ್ರೀಸ್ಟರ್, ಪೀಟರ್ ವಿಲ್ಡೋಯರ್. ಏಳೂ ಜನ ಆ ವಾದ್ಯದಲ್ಲಿ ಎತ್ತಿದ ಕೈ. ಪರೀಕ್ಷೆಯ ಚಿತ್ರೀಕರಣ 2011ರ ಏಪ್ರಿಲ್‌ನಲ್ಲಿ ಕಂತುಗಳಾಗಿ ಬಿಡುಗಡೆಯಾಯಿತು, ಕೊನೆಯ ಕಂತಿನಲ್ಲಿ ಮ್ಯಾಂಜಿನಿ ಹೆಸರು ಹೊರಬಿತ್ತು. ಹೀಗಾಗಿ ಆಲ್ಬಮ್ ಬರುವ ಮೊದಲೇ ಪ್ರತಿ ಅಭಿಮಾನಿಗೂ ತನ್ನದೊಬ್ಬ ಅಭ್ಯರ್ಥಿ ಇದ್ದ. ತನ್ನವನು ಸೋತ ಬೇಸರ ಒಬ್ಬನಿಗೆ, ಹಳಬರು ಹೋದ ನೋವು ಇನ್ನೊಬ್ಬನಿಗೆ. ಇಂಥ ಕಿವಿಗಳ ಮುಂದೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆಲ್ಬಮ್ ಬಂದು ನಿಂತಿತು.

ಅಭಿಮಾನಿಗಳ ತೀರ್ಪಿನಲ್ಲಿ ತಪ್ಪಿಹೋಗುವ ಅಂಶ ಇಲ್ಲಿದೆ. ಹಾಡುಗಳು ರೂಪುಗೊಂಡಾಗ ಮ್ಯಾಂಜಿನಿ ಆ ಕೋಣೆಯಲ್ಲಿ ಇರಲಿಲ್ಲ. ಉಳಿದ ನಾಲ್ವರು ಸೇರಿ ಹಾಡು ಕಟ್ಟಿದರು, ಕರಡಿಗೆ ಬೇಕಾದ ಡ್ರಮ್ ಬಡಿತಗಳನ್ನು ಪೆಟ್ರೂಚಿ ಕಂಪ್ಯೂಟರಿನಲ್ಲಿ ಜೋಡಿಸಿದರು. ಮ್ಯಾಂಜಿನಿ ಕೈಗೆ ಬಂದದ್ದು ಆ ಕರಡು. ಅದನ್ನು ತಿದ್ದುವ, ಬೆಳೆಸುವ, ತಮ್ಮದಾಗಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು, ಹಲವೆಡೆ ಅದನ್ನು ಬಳಸಿಕೊಂಡದ್ದೂ ಕೇಳಿಸುತ್ತದೆ. ಆದರೆ ಹಾಡಿನ ಎಲುಬು ಆಗಲೇ ಗಟ್ಟಿಯಾಗಿತ್ತು. ಗೋಡೆ ಎದ್ದ ಮೇಲೆ ಬಂದ ಮೇಸ್ತ್ರಿ ಬಾಗಿಲಿನ ಜಾಗ ಬದಲಿಸಲಾರ.

ಗಿಟಾರ್ ವಾದಕ ಡ್ರಮ್ ಬರೆದಾಗ ಏನಾಗುತ್ತದೆ? ನಾನು ಡ್ರಮ್ ಕಲಿಸುವವನು, ಧ್ವನಿಮುದ್ರಣದ ಕೋಣೆಯಲ್ಲೂ ಕೆಲಸ ಮಾಡುವವನು. ಇಂಥ ಕರಡುಗಳು ನನ್ನ ಮುಂದೆ ಬರುತ್ತಲೇ ಇರುತ್ತವೆ. ಅವುಗಳ ಒಂದು ಗುಣ ಎಂದೂ ತಪ್ಪುವುದಿಲ್ಲ: ಕಾಲಿನಿಂದ ಬಾರಿಸುವ ಬೇಸ್ ಡ್ರಮ್ ರಿಫ್‌ನ (ಗಿಟಾರಿನಲ್ಲಿ ಮರುಕಳಿಸುವ ಸಣ್ಣ ಪಲುಕಿನ) ನೆರಳಾಗಿರುತ್ತದೆ. ಗಿಟಾರಿನ ದಪ್ಪ ತಂತಿಯ ಮೇಲೆ ಎಲ್ಲೆಲ್ಲಿ ಪೆಟ್ಟು ಬೀಳುತ್ತದೆಯೋ ಅಲ್ಲೆಲ್ಲ ಡ್ರಮ್ಮರ್‌ನ ಕಾಲೂ ಬೀಳುತ್ತದೆ. ಕೇಳಲು ಬಿಗಿಯಾಗಿರುತ್ತದೆ, ಅಚ್ಚುಕಟ್ಟಾಗಿರುತ್ತದೆ, ಎರಡು ನಿಮಿಷದ ಮೇಲೆ ಉಸಿರು ಕಟ್ಟುತ್ತದೆ. ಡ್ರಮ್ಮರ್ ಕೋಣೆಯಲ್ಲೇ ಇದ್ದಿದ್ದರೆ ರಿಫ್ ನಾಲ್ಕನೇ ಸಲ ಬರುವ ಹೊತ್ತಿಗೆ ಅವನಿಗೆ ಬೇಸರ ಬಂದಿರುತ್ತಿತ್ತು. ಅದೇ ರಿಫ್‌ನ ಕೆಳಗೆ ಬಡಿತವನ್ನು ಅರ್ಧ ವೇಗಕ್ಕೆ ಇಳಿಸುತ್ತಿದ್ದ, ಇಲ್ಲವೇ ಚಟೀರೆನ್ನುವ ಸ್ನೇರ್ ಡ್ರಮ್ಮಿನ ಪೆಟ್ಟನ್ನು ಒಂದು ಎಣಿಕೆ ಆಚೆ ಸರಿಸುತ್ತಿದ್ದ. ಒಂದೇ ರಿಫ್ ಇದ್ದಕ್ಕಿದ್ದಂತೆ ಬೇರೆ ರಿಫ್‌ನಂತೆ ಕೇಳಿಸತೊಡಗುತ್ತದೆ. ಪ್ರೋಗ್ರೆಸಿವ್ ಮೆಟಲ್‌ನಲ್ಲಿ ಕೇಳುಗ ‘ಜೀವ’ ಎಂದು ಕರೆಯುವುದರಲ್ಲಿ ಅರ್ಧ ಪಾಲು ಈ ಜಗಳವೇ. ಪೋರ್ಟ್‌ನಾಯ್ ಈ ಜಗಳದಲ್ಲಿ ಪಳಗಿದವರು, ಆ ಹಕ್ಕು ಅವರಿಗೆ ಮೊದಲ ದಿನದಿಂದ ಇತ್ತು. ಮ್ಯಾಂಜಿನಿಗೆ 2011ರಲ್ಲಿ ಜಗಳವಾಡಲು ಯಾರೂ ಎದುರಿಗಿರಲಿಲ್ಲ.

ಹಾಗಾದರೆ ಸದ್ದು? ‘ಸ್ನೇರ್ ಚಪ್ಪಟೆಯಾಗಿದೆ, ಡ್ರಮ್ ಹಿಂದೆಲ್ಲೋ ಕೂತಿದೆ’ ಎಂಬ ದೂರನ್ನೂ ಡ್ರಮ್ಮರ್‌ನ ಲೆಕ್ಕಕ್ಕೇ ಬರೆದವರಿದ್ದಾರೆ. ಇದು ನನಗೆ ಸ್ವಲ್ಪ ಸಿಟ್ಟು ತರಿಸುವ ವಿಷಯ. ಪೋರ್ಟ್‌ನಾಯ್ ನುಡಿಸಿದ 2007 ಮತ್ತು 2009ರ ಆಲ್ಬಮ್‌ಗಳ ಮಿಕ್ಸಿಂಗ್ (ಮುದ್ರಿಸಿದ ವಾದ್ಯ, ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡಿದವರು ಪಾಲ್ ನಾರ್ತ್‌ಫೀಲ್ಡ್. 2011ರದ್ದನ್ನು ಮಾಡಿದವರು ಆ್ಯಂಡಿ ವಾಲೇಸ್, ನಿರ್ವಾಣ ತಂಡದ ‘ನೆವರ್‌ಮೈಂಡ್’ ಮಿಕ್ಸ್ ಮಾಡಿದ ಅದೇ ವಾಲೇಸ್. ನಿರ್ಮಾಪಕರೂ ಬದಲಾದರು, ಇಬ್ಬರ ಜಾಗದಲ್ಲಿ ಪೆಟ್ರೂಚಿ ಒಬ್ಬರೇ ಉಳಿದರು. ಅಂದರೆ 2009ರಿಂದ 2011ಕ್ಕೆ ಬರುವಾಗ ಡ್ರಮ್ಮರ್, ಬಡಿತ ಬರೆಯುವ ಕ್ರಮ, ನಿರ್ಮಾಣ, ಮಿಕ್ಸಿಂಗ್ ನಾಲ್ಕೂ ಒಟ್ಟಿಗೆ ಬದಲಾಗಿವೆ. ನಾಲ್ಕು ಔಷಧ ಒಟ್ಟಿಗೆ ಕೊಟ್ಟು ಯಾವುದರಿಂದ ತಲೆನೋವು ಬಂತೆಂದು ಹೇಳಲಾಗದು. ಆದರೂ ಹೇಳಿದರು, ಬಹಳ ಖಚಿತವಾಗಿ ಹೇಳಿದರು.

ಸದ್ದಿಗೂ ನುಡಿಸಾಣಿಕೆಗೂ ಇರುವ ದೂರ ಎಷ್ಟೆಂಬುದಕ್ಕೆ ಮೆಟಾಲಿಕಾ ತಂಡದ ಎರಡು ಆಲ್ಬಮ್‌ಗಳು ಸಾಕು. 2003ರ ‘ಸೇಂಟ್ ಆ್ಯಂಗರ್’ನಲ್ಲಿ ಡ್ರಮ್ಮರ್ ಬದಲಾಗಿರಲಿಲ್ಲ, ಲಾರ್ಸ್ ಉಲ್ರಿಚ್ ಅವರೇ. ಸ್ನೇರ್‌ನ ಅಡಿಯಲ್ಲಿರುವ ಸಣ್ಣ ತಂತಿಗಳನ್ನು ಸಡಿಲಿಸಿ ನುಡಿಸಿದ್ದರಿಂದ ಅದು ತಗಡಿನ ಡಬ್ಬದಂತೆ ಮೊಳಗಿತು; ಇಡೀ ಆಲ್ಬಮ್‌ನ ಮಾತು ಬಂದಾಗಲೆಲ್ಲ ಆ ಸ್ನೇರೇ ಚರ್ಚೆಯಾಗುತ್ತದೆ. 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಹೊಸದಾಗಿ ಬಂದಿದ್ದವರು ಬೇಸ್ ವಾದಕ ಜೇಸನ್ ನ್ಯೂಸ್ಟೆಡ್. ಅವರ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲವೆನ್ನುವಷ್ಟು ಕೆಳಗಿಳಿಸಿ ಮಿಕ್ಸ್ ಮಾಡಲಾಯಿತು. ಆ ಆಲ್ಬಮ್ ಒಂದನ್ನೇ ಕೇಳಿ ನ್ಯೂಸ್ಟೆಡ್ ಬೇಸ್ ನುಡಿಸುವುದನ್ನು ಅಳೆಯುವುದು ಹೇಗೆ?

ಇಲ್ಲಿ ಇನ್ನೊಂದು ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ‘ಯಂತ್ರದಂತೆ’ ಎಂಬ ಅನಿಸಿಕೆ ಹುಟ್ಟುವ ಜಾಗ ಇದೇ. ಈ ಕಾಲದ ಮೆಟಲ್ ಧ್ವನಿಮುದ್ರಣದಲ್ಲಿ ಡ್ರಮ್ಮರ್ ನುಡಿಸಿ ಎದ್ದುಹೋದ ಮೇಲೆ ಕೆಲಸ ಶುರುವಾಗುತ್ತದೆ. ತೆರೆಯ ಮೇಲೆ ಪ್ರತಿ ಪೆಟ್ಟೂ ಒಂದು ಮೊನಚು ಗುಡ್ಡವಾಗಿ ಕಾಣುತ್ತದೆ, ಅದರ ಹಿಂದೆ ಸಮಾನ ಅಂತರದ ಗೆರೆಗಳ ಗ್ರಿಡ್ ಇರುತ್ತದೆ. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಒಂದು ಎಣಿಕೆಯಿಂದ ಇನ್ನೊಂದಕ್ಕೆ 500 ಮಿಲಿಸೆಕೆಂಡ್. ಸ್ನೇರ್ ಪೆಟ್ಟನ್ನು ಗೆರೆಗಿಂತ 15 ಮಿಲಿಸೆಕೆಂಡ್ ತಡವಾಗಿ ಇಟ್ಟರೆ ಹಾಡು ಒರಗಿ ನಡೆದಂತೆ ಭಾಸವಾಗುತ್ತದೆ. ಅಷ್ಟೇ ಮುಂಚೆ ಇಟ್ಟರೆ ಮುಂದಕ್ಕೆ ಮುಗ್ಗರಿಸುತ್ತಾ ಓಡುತ್ತದೆ. ಕೇಳುಗನಿಗೆ ತಡವೋ ಮುಂಚೆಯೋ ಎಂದು ಹೇಳಲಾಗದಿರಬಹುದು, ಮೈಗೆ ಗೊತ್ತಾಗುತ್ತದೆ. ಸಂಕಲನಕಾರ ಆ ಪೆಟ್ಟನ್ನು ಕತ್ತರಿಸಿ ಎಳೆದು ಗೆರೆಯ ಮೇಲೆ ಕೂರಿಸಿದರೆ ಆ 15 ಮಿಲಿಸೆಕೆಂಡ್ ಮಾಯ. ಅದರ ಮೇಲೆ ಸ್ನೇರ್‌ನ ಪ್ರತಿ ಪೆಟ್ಟಿಗೂ ಮೊದಲೇ ಮುದ್ರಿಸಿಟ್ಟ ಒಂದೇ ಸ್ಯಾಂಪಲ್ ಸೇರಿಸಿದರೆ ಮೆಲ್ಲನೆ ಹೊಡೆದದ್ದು, ಅಂಚಿಗೆ ತಾಗಿದ್ದು, ನಡುವಿಗೆ ಬಿದ್ದದ್ದು ಎಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ. ಎರಡು ಜೋರು ಪೆಟ್ಟುಗಳ ನಡುವೆ ಕಡ್ಡಿಯ ತುದಿಯಿಂದ ಚರ್ಮವನ್ನು ಸವರಿದಂತೆ ನುಡಿಸುವ ಘೋಸ್ಟ್ ನೋಟ್‌ಗಳು ಈ ಸಂತೆಯಲ್ಲಿ ಮೊದಲು ಸಾಯುತ್ತವೆ.

ಯಾವ ಆಲ್ಬಮ್‌ನಲ್ಲಿ ಇದು ಎಷ್ಟು ನಡೆದಿದೆ ಎಂದು ಹೊರಗಿನಿಂದ ಅಳತೆ ಕೊಟ್ಟು ಹೇಳುವುದು ಕಷ್ಟ. ಆದರೆ ಇಂಥ ತಯಾರಿಯ ಯುಗದಲ್ಲಿ ‘ಯಂತ್ರ’ ಎಂಬ ಬೈಗುಳವನ್ನು ಡ್ರಮ್ಮರ್‌ನ ಮಣಿಕಟ್ಟಿಗೆ ಅಂಟಿಸುವ ಮುನ್ನ ಒಮ್ಮೆ ಯೋಚಿಸಬೇಕು. ಸ್ವೀಡನ್ನಿನ ಮೆಶುಗಾ ತಂಡ 2005ರ ‘ಕ್ಯಾಚ್ ಥರ್ಟಿತ್ರೀ’ಯಲ್ಲಿ ಡ್ರಮ್ಮರ್ ಇದ್ದೂ ಡ್ರಮ್‌ಗಳನ್ನು ಕಂಪ್ಯೂಟರಿನಲ್ಲೇ ಜೋಡಿಸಿತು. ಅಭಿಮಾನಿಗಳು ಆ ಆಲ್ಬಮ್ಮನ್ನು ತಲೆಯ ಮೇಲೆ ಹೊತ್ತರು. ಯಂತ್ರ ನುಡಿಸಿದ್ದು ಹಿಡಿಸಿತು, ಮನುಷ್ಯ ನುಡಿಸಿದ್ದು ಯಂತ್ರವೆನಿಸಿತು. ಕಿವಿಯ ನ್ಯಾಯಾಲಯ ಹೀಗೂ ಇರುತ್ತದೆ.

ಮ್ಯಾಂಜಿನಿಯ ವಿಷಯದಲ್ಲಿ ಪೂರ್ವಗ್ರಹಕ್ಕೆ ಇನ್ನೊಂದು ಮೇವು ಸಿಕ್ಕಿತ್ತು. ವೇಗದ ಡ್ರಮ್ ಸ್ಪರ್ಧೆಗಳಲ್ಲಿ ಅವರು ದಾಖಲೆ ಬರೆದವರು. ಎರಡು ಕಡ್ಡಿಗಳಿಂದ ಒಂದು ನಿಮಿಷದಲ್ಲಿ 1,200ಕ್ಕೂ ಹೆಚ್ಚು ಪೆಟ್ಟು, ಅಂದರೆ ಸೆಕೆಂಡಿಗೆ ಇಪ್ಪತ್ತು. ಬರ್ಕ್ಲಿಯಲ್ಲಿ ಅಧ್ಯಾಪಕರಾಗಿದ್ದವರು ಬೇರೆ. ದಾಖಲೆ ಮತ್ತು ಪ್ರೊಫೆಸರ್ ಪಟ್ಟ, ಈ ಎರಡು ಮಾಹಿತಿ ಮೊದಲು ಕಿವಿಗೆ ಬಿದ್ದರೆ ಆಮೇಲೆ ಅವರು ಏನು ನುಡಿಸಿದರೂ ವ್ಯಾಯಾಮದಂತೆಯೇ ಕೇಳಿಸುತ್ತದೆ. ಅವರು ಅದಕ್ಕೂ ಮೊದಲು ಅನೈಹಿಲೇಟರ್, ಎಕ್ಸ್‌ಟ್ರೀಮ್ ತಂಡಗಳೊಂದಿಗೆ, ಗಿಟಾರ್ ವಾದಕ ಸ್ಟೀವ್ ವಾಯ್ ಅವರೊಂದಿಗೆ, ಇದೇ ತಂಡದ ಗಾಯಕ ಜೇಮ್ಸ್ ಲಾಬ್ರಿಯ ಸ್ವಂತ ಆಲ್ಬಮ್‌ಗಳಲ್ಲಿ ನುಡಿಸಿದ್ದನ್ನು ಕೇಳಿ ಬಂದಿದ್ದವರು ಕಡಿಮೆ. ಅಲ್ಲಿ ಅವರು ಹಾಡಿಗೆ ಎಷ್ಟು ಬೇಕೋ ಅಷ್ಟೇ ನುಡಿಸಿರುವ ಜಾಗಗಳು ಧಾರಾಳವಾಗಿವೆ.

ನೀವು ಹೇಳುವ ‘ಏನೋ ಕೊರತೆ’ಯಲ್ಲಿ ಡ್ರಮ್ಮಿಗೆ ಸಂಬಂಧವೇ ಇಲ್ಲದ ಒಂದು ಪಾಲೂ ಇದೆ ಎಂಬುದು ನನ್ನ ಗುಮಾನಿ. ಪೋರ್ಟ್‌ನಾಯ್ ಅವರ ಹಿಮ್ಮೇಳದ ದನಿ ಹೋಯಿತಲ್ಲ, ಆ ಒರಟು ಕಂಠ ಲಾಬ್ರಿಯ ಎತ್ತರದ ದನಿಗೆ ಒತ್ತಾಸೆಯಾಗಿತ್ತು. ಅದಿಲ್ಲದ ಜಾಗದಲ್ಲಿ ಹಾಡು ತೆಳ್ಳಗಾದಂತೆ ಕೇಳಿಸುತ್ತದೆ, ಕಿವಿ ಸೀದಾ ಡ್ರಮ್ ಕಡೆ ಬೆರಳು ತೋರಿಸುತ್ತದೆ. ಯಾರು ಹೋದರೆಂದು ಗೊತ್ತಿದೆ, ಏನು ಹೋಯಿತೆಂದು ಗೊತ್ತಿಲ್ಲ.

ಇಷ್ಟೆಲ್ಲ ವಕಾಲತ್ತು ಮಾಡಿದ ಮೇಲೆ ಟೀಕಾಕಾರರಿಗೆ ಸಲ್ಲಬೇಕಾದದ್ದನ್ನೂ ಸಲ್ಲಿಸುತ್ತೇನೆ. ಮ್ಯಾಂಜಿನಿಯ ಕೈಯಲ್ಲೇ ಇರುವ, ಬೇರೆ ಯಾರ ತಲೆಗೂ ಕಟ್ಟಲಾಗದ ಒಂದು ಗುಣವಿದೆ: ಸಮತೆ. ಅವರು ಎರಡೂ ಕೈಗಳನ್ನು ಸರಿಸಮಾನವಾಗಿ ಬೆಳೆಸಿಕೊಂಡವರು. ಅವರ ಡ್ರಮ್ ಸೆಟ್ ಕೂಡ ಎಡಬಲಗಳಲ್ಲಿ ಒಂದರ ಪ್ರತಿಬಿಂಬ ಇನ್ನೊಂದು ಎಂಬಂತೆ ಹರಡಿಕೊಂಡಿರುತ್ತದೆ, ಯಾವ ಕೈ ಬೇಕಾದರೂ ಮುಂದಾಳಾಗಬಹುದು. ಸಾಮಾನ್ಯ ಡ್ರಮ್ಮರ್‌ಗೆ ಬಲಗೈ ಬಲಿಷ್ಠ, ಎಡಗೈ ಅದಕ್ಕಿಂತ ಕೊಂಚ ಹಿಂದೆ. ಆ ಸಣ್ಣ ಕುಂಟುತನವೇ ಹಲವರ ಲಯಕ್ಕೆ ನಡಿಗೆ ಕೊಟ್ಟಿರುತ್ತದೆ. ಎರಡೂ ಕೈ ಸಮವಾದಾಗ ಫಿಲ್‌ಗಳಲ್ಲಿ (ಹಾಡಿನ ಎರಡು ಭಾಗಗಳ ನಡುವೆ ಡ್ರಮ್ಮರ್ ತುಂಬುವ ಸಣ್ಣ ಬಡಿತದ ಸರಣಿಗಳಲ್ಲಿ) ಪ್ರತಿ ಪೆಟ್ಟೂ ಒಂದೇ ತೂಕಕ್ಕೆ ಬರುತ್ತದೆ. ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಕಿವಿ ಯಾವ ಪೆಟ್ಟಿಗೆ ಜೋತುಬೀಳಬೇಕೆಂದು ತಿಳಿಯದೆ ಜಾರುತ್ತದೆ.

ಪೋರ್ಟ್‌ನಾಯ್ ಅವರ ಫಿಲ್‌ಗಳನ್ನು ಅಭಿಮಾನಿಗಳು ಗಾಳಿಯಲ್ಲಿ ಕೈಯಾಡಿಸುತ್ತಾ ಅನುಕರಿಸುತ್ತಾರೆ. ಬಾಯಲ್ಲಿ ಹೇಳಬಹುದಾದ ಫಿಲ್‌ಗಳು ಅವು. ಒಮ್ಮೆ ಕೇಳಿದರೆ ಮುಂದಿನ ಸಲ ಬರುವ ಮೊದಲೇ ತೋಳು ಎದ್ದಿರುತ್ತದೆ. ಮ್ಯಾಂಜಿನಿಯವನ್ನು ಅನುಕರಿಸಬೇಕಾದರೆ ಮೊದಲು ಎಣಿಸಬೇಕು. ಅವರಿಗೆ ಒಂದು ಕಾಲಿನಲ್ಲಿ ಐದು, ಇನ್ನೊಂದು ಕೈಯಲ್ಲಿ ಏಳು ನಡೆಸುವುದು ಲೀಲೆ. ಮೃದಂಗದ ಪಾಠದಲ್ಲಿ ಐದರ ಖಂಡ, ಏಳರ ಮಿಶ್ರ ನಡೆಗಳನ್ನು ಕೈಯಲ್ಲಿ ತಟ್ಟಿ ಬೆಳೆದ ಕಿವಿಗೆ ಇದರ ರುಚಿ ಬೇಗ ಹತ್ತೀತು. ಆದರೆ ಅಲ್ಲಿ ಲೆಕ್ಕ ಎಷ್ಟೇ ಸುತ್ತಿದರೂ ಕೊನೆಗೆ ಸಮಕ್ಕೆ ಬಂದು ಬಿದ್ದಾಗ ಒಂದು ನಿರಾಳವಿದೆ. ಈ ಆಲ್ಬಮ್‌ನ ‘ಔಟ್‌ಕ್ರೈ’ ಹಾಡಿನ ನಡುವಿನ ವಾದ್ಯಭಾಗ ಕೇಳಿ: ಲೆಕ್ಕದ ಮೇಲೆ ಲೆಕ್ಕ ಬರುತ್ತದೆ, ಬಂದು ಬೀಳುವ ಸುಖ ಮಾತ್ರ ಸಾಕಷ್ಟು ಸಿಗುವುದಿಲ್ಲ. ಇದು ನನ್ನ ತೀರ್ಪು. ಆ ಭಾಗವನ್ನೇ ಇಡೀ ಆಲ್ಬಮ್‌ನ ಶಿಖರ ಎನ್ನುವವರೂ ಇದ್ದಾರೆ, ಅವರ ಜೊತೆ ನನಗೆ ಜಗಳವಿಲ್ಲ.

ಅದೇ ಆಲ್ಬಮ್‌ನ ‘ಬ್ರೇಕಿಂಗ್ ಆಲ್ ಇಲ್ಯೂಷನ್ಸ್’ ಬೇರೆಯೇ ಕಥೆ ಹೇಳುತ್ತದೆ. ಅಲ್ಲಿ ಗಿಟಾರ್ ನಿಧಾನಕ್ಕೆ ಮಾತಾಡುವ ದೀರ್ಘ ಭಾಗವೊಂದಿದೆ. ಅದರ ಕೆಳಗೆ ಮ್ಯಾಂಜಿನಿ ಮೊದಲು ಬಹುತೇಕ ಏನನ್ನೂ ಮಾಡುವುದಿಲ್ಲ, ಆಮೇಲೆ ಗಿಟಾರ್ ಏರಿದಂತೆ ಅವರೂ ಒಂದೊಂದೇ ಮೆಟ್ಟಿಲು ಏರುತ್ತಾರೆ. ಯಂತ್ರಕ್ಕೆ ಹೀಗೆ ಕಾಯುವುದು ಗೊತ್ತಿರುವುದಿಲ್ಲ. ‘ಬಿಲ್ಡ್ ಮಿ ಅಪ್, ಬ್ರೇಕ್ ಮಿ ಡೌನ್’ ಆರಂಭದಲ್ಲಿ ಯಂತ್ರದ ಸದ್ದು ಕೇಳಿಸಿದರೆ ಅದಕ್ಕೆ ಅವರನ್ನು ಬೈಯಬೇಡಿ, ಅಲ್ಲಿ ಇಲೆಕ್ಟ್ರಾನಿಕ್ ಬಡಿತವನ್ನು ಬೇಕೆಂದೇ ಇಟ್ಟಿದ್ದಾರೆ.

ನಿಮ್ಮ ಕಿವಿಯನ್ನು ಪರರ ಮಾತಿನಿಂದ ಬಿಡಿಸಿಕೊಳ್ಳಲು ನಾನು ವಿದ್ಯಾರ್ಥಿಗಳಿಗೆ ಹೇಳುವ ದಾರಿಯನ್ನೇ ಹೇಳುತ್ತೇನೆ. ವಾದ್ಯಭಾಗಗಳನ್ನು ಸದ್ಯಕ್ಕೆ ಬಿಡಿ, ಅಲ್ಲಿ ಎಲ್ಲರೂ ಮೈ ತೋರಿಸುತ್ತಾರೆ. ಗಾಯಕ ಹಾಡುತ್ತಿರುವ ಚರಣಗಳನ್ನು ಕೇಳಿ, ಹೆಡ್‌ಫೋನ್ ಹಾಕಿಕೊಂಡು, ಹೈ-ಹ್ಯಾಟ್ (ಒಂದರ ಮೇಲೊಂದು ಕೂರಿಸಿದ ಜೋಡಿ ಲೋಹದ ತಟ್ಟೆ, ಅಂದರೆ ಸಿಂಬಲ್) ಒಂದನ್ನೇ ಹಿಂಬಾಲಿಸಿ. ಎರಡು ಸಿಂಬಲ್‌ಗಳ ನಡುವಿನ ಬಿರುಕು ಎಷ್ಟು ತೆರೆದಿದೆ, ಯಾವ ಮಾತಿನ ಹತ್ತಿರ ಮುಚ್ಚುತ್ತದೆ, ಪಲ್ಲವಿಗೆ ಹೋಗುವ ಮುಂಚಿನ ಎರಡು ಎಣಿಕೆಯಲ್ಲಿ ಏನಾಗುತ್ತದೆ. ಡ್ರಮ್ಮರ್ ಹಾಡನ್ನು ಕೇಳಿಸಿಕೊಳ್ಳುತ್ತಿದ್ದಾನೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎರಡನೇ ಚರಣವನ್ನು ಮೊದಲನೆಯದರೊಂದಿಗೆ ಹೋಲಿಸಿ. ಒಂದೇ ರೀತಿ ನುಡಿಸಿದ್ದರೆ ಕಾರಣ ಹಾಡಿನಲ್ಲಿದೆಯೇ ಎಂದು ನೋಡಿ. ಬದಲಿಸಿದ್ದರೆ ಬದಲಾವಣೆ ಸಾಹಿತ್ಯಕ್ಕೆ ಸೇವೆ ಸಲ್ಲಿಸಿತೇ, ಬರೀ ಬದಲಾವಣೆಯೇ ಎಂದು ನೋಡಿ.

ಅದಾದ ಮೇಲೆ ನೇರ ಪ್ರದರ್ಶನದ ಮುದ್ರಣಗಳಿಗೆ ಹೋಗಿ. ಬ್ಯೂನಸ್ ಐರಿಸ್‌ನ ಲೂನಾ ಪಾರ್ಕ್‌ನಲ್ಲಿ 2012ರ ಆಗಸ್ಟ್‌ನಲ್ಲಿ ಮುದ್ರಿಸಿದ ಕಾರ್ಯಕ್ರಮ, ಬಾಸ್ಟನ್ ಆಪೆರಾ ಹೌಸ್‌ನಲ್ಲಿ 2014ರ ಮಾರ್ಚ್‌ನಲ್ಲಿ ನಡೆದ ಕಾರ್ಯಕ್ರಮ, ಇವೆರಡೂ ಲಭ್ಯ. ಲೂನಾ ಪಾರ್ಕ್‌ನ ಹೊತ್ತಿಗೆ 2011ರ ಹಾಡುಗಳು ಒಂದು ವರ್ಷ ವೇದಿಕೆಯ ಮೇಲೆ ಸವೆದು ಮ್ಯಾಂಜಿನಿಯ ಮೈಗೆ ಹೊಂದಿಕೊಂಡಿವೆ. ಸ್ಟುಡಿಯೊದಲ್ಲಿ ಕರಡಿಗೆ ನಿಷ್ಠವಾಗಿದ್ದ ಜಾಗಗಳಲ್ಲಿ ಅವರು ಸಲುಗೆ ತೆಗೆದುಕೊಳ್ಳುವುದನ್ನು ಗಮನಿಸಿ. ನನ್ನ ಮಟ್ಟಿಗೆ 2011ರ ಮ್ಯಾಂಜಿನಿ ಸಿಗುವುದು ಅಲ್ಲಿ. ಹಳೆಯ ಹಾಡುಗಳಲ್ಲಿ ಅವರು ಪೋರ್ಟ್‌ನಾಯ್ ಬರೆದ ಬಡಿತಗಳನ್ನು ಗೌರವದಿಂದ ಉಳಿಸಿಕೊಂಡರು. ಇದನ್ನೂ ‘ಸ್ವಂತಿಕೆಯಿಲ್ಲ’ ಎಂದವರಿದ್ದಾರೆ. ಬದಲಿಸಿದ್ದರೆ ‘ಕೆಡಿಸಿದ’ ಎನ್ನುತ್ತಿದ್ದರು, ಬಿಡಿ.

ಬೇರೆ ತಂಡಗಳ ಅನುಭವವೂ ಇಲ್ಲಿ ಸ್ವಲ್ಪ ದಾರಿ ತೋರಿಸುತ್ತದೆ. ರಶ್ ತಂಡಕ್ಕೆ ನೀಲ್ ಪಿಯರ್ಟ್ ಬಂದದ್ದು 1974ರಲ್ಲಿ, ಒಂದೇ ಆಲ್ಬಮ್ ಆದ ಮೇಲೆ. ಹೋಲಿಸಲು ಹಳೆಯ ನೆನಪೇ ಇರಲಿಲ್ಲ. ಪೋರ್ಕ್ಯುಪೈನ್ ಟ್ರೀಗೆ ಗ್ಯಾವಿನ್ ಹ್ಯಾರಿಸನ್ 2002ರಲ್ಲಿ ಬಂದಾಗ ತಂಡವೇ ಗಡುಸಾದ ದಾರಿಗೆ ಹೊರಳುತ್ತಿತ್ತು, ‘ಇನ್ ಆಬ್ಸೆನ್ಶಿಯಾ’ದಲ್ಲಿ ಹೊಸ ಡ್ರಮ್ಮರ್ ಹೊಸ ಸಂಗೀತದ ಜೊತೆಗೇ ಬಂದರು. ಒಪೆತ್‌ನಲ್ಲಿ ಮಾರ್ಟಿನ್ ಲೋಪೆಜ್ ಬಿಟ್ಟುಹೋಗಿ ಮಾರ್ಟಿನ್ ಆಕ್ಸೆನ್‌ರೋಟ್ ಬಂದು 2008ರ ‘ವಾಟರ್‌ಶೆಡ್’ ನುಡಿಸಿದಾಗ ಲೋಪೆಜ್‌ನ ತೂಗುವ ಲಯಕ್ಕೆ ಹಂಬಲಿಸಿದವರು ಬಹಳ. ಡ್ರೀಮ್ ಥಿಯೇಟರ್ ಆರಿಸಿಕೊಂಡದ್ದು ಇದ್ದುದರಲ್ಲಿ ಕಠಿಣವಾದ ದಾರಿ: ಇಪ್ಪತ್ತೈದು ವರ್ಷದ ಒಬ್ಬ ಸ್ಥಾಪಕ ಹೋದ ಮೇಲೂ ಸಂಗೀತದ ದಿಕ್ಕು ಹಾಗೆಯೇ ಇರುತ್ತದೆ ಎಂದು ತೋರಿಸುವುದು. ಆ ನಿರ್ಧಾರದ ಭಾರ ಹೊಸಬನ ಹೆಗಲಿಗೇ ಬಿತ್ತು.

ಆಮೇಲಿನ ಆಲ್ಬಮ್‌ಗಳಲ್ಲಿ ಮ್ಯಾಂಜಿನಿ ರಚನೆಯ ಕೋಣೆಯಲ್ಲಿದ್ದರು, ಬದಲಾವಣೆ ಕೇಳಿಸುತ್ತದೆ. 2013ರದ್ದರಲ್ಲಿ ಬಡಿತಗಳು ಹೆಚ್ಚು ಅವರವೇ. ಆದರೆ ಸ್ನೇರ್ ಸದ್ದು ಹಲವರಿಗೆ ರುಚಿಸಲಿಲ್ಲ, ನನಗೂ ಅಷ್ಟಕ್ಕಷ್ಟೇ. ಅದರ ಮಿಕ್ಸಿಂಗ್ ರಿಚರ್ಡ್ ಚಿಕ್ಕಿ ಅವರದು. 2019ರ ‘ಡಿಸ್ಟನ್ಸ್ ಓವರ್ ಟೈಮ್’ಗಾಗಿ ಐವರೂ ನ್ಯೂಯಾರ್ಕ್ ರಾಜ್ಯದ ಮಾಂಟಿಸೆಲ್ಲೊ ಊರಿನ ಸ್ಟುಡಿಯೊದಲ್ಲಿ ಒಟ್ಟಿಗೆ ಉಳಿದು ಹಾಡು ಕಟ್ಟಿದರು, ಒಂದು ಹಾಡಿನ ಸಾಹಿತ್ಯವನ್ನೂ ಮ್ಯಾಂಜಿನಿ ಬರೆದರು, ಮಿಕ್ಸಿಂಗ್ ಬೆನ್ ಗ್ರೋಸ್ ಮಾಡಿದರು. ‘ಅಬ್ಬಾ, ಕೊನೆಗೂ ಮನುಷ್ಯನಂತೆ ನುಡಿಸಿದ್ದಾನೆ’ ಎಂಬ ಧಾಟಿಯ ಹೊಗಳಿಕೆ ಆಗ ಬಂತು. ಅದೇ ಕೈ, ಅದೇ ಮಣಿಕಟ್ಟು. ಕೋಣೆ ಬದಲಾಗಿತ್ತು, ಮಿಕ್ಸ್ ಮಾಡುವವರು ಬದಲಾಗಿದ್ದರು. 2021ರ ಆಲ್ಬಮ್‌ನ ‘ದಿ ಏಲಿಯನ್’ ಹಾಡಿಗೆ 2022ರಲ್ಲಿ ತಂಡದ ಮೊದಲ ಗ್ರ್ಯಾಮಿ ಬಂದಾಗ ಡ್ರಮ್ ಹಿಂದೆ ಕೂತಿದ್ದವರು ಮ್ಯಾಂಜಿನಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. 2023ರ ಅಕ್ಟೋಬರ್‌ನಲ್ಲಿ ಪೋರ್ಟ್‌ನಾಯ್ ಮರಳಿದ್ದು ಯಾರ ನುಡಿಸಾಣಿಕೆಯ ಮೇಲಿನ ತೀರ್ಪೂ ಅಲ್ಲ. ಹದಿಹರೆಯದಲ್ಲಿ ಒಟ್ಟಿಗೆ ತಂಡ ಕಟ್ಟಿದ ಗೆಳೆಯರು ಮತ್ತೆ ಸೇರಿದರು. ಐದು ಸ್ಟುಡಿಯೊ ಆಲ್ಬಮ್ ನುಡಿಸಿದವರು ಗೌರವದಿಂದ ಜಾಗ ಬಿಟ್ಟುಕೊಟ್ಟರು. ಇದರಿಂದ 2011ರ ವಾದದಲ್ಲಿ ಯಾರೂ ಗೆಲ್ಲುವುದಿಲ್ಲ. ಆದರೆ ಕೇಳುಗರಿಗೆ ಒಂದು ಲಾಭವಾಗಿದೆ, ಅದನ್ನು ಬಳಸಿಕೊಂಡವರು ಕಡಿಮೆ.

ಮ್ಯಾಂಜಿನಿಯ ಕೊನೆಯ ಆಲ್ಬಮ್, 2021ರ ‘ಎ ವ್ಯೂ ಫ್ರಮ್ ದಿ ಟಾಪ್ ಆಫ್ ದಿ ವರ್ಲ್ಡ್’. ಪೋರ್ಟ್‌ನಾಯ್ ಮರಳಿದ ಮೇಲಿನ ಮೊದಲನೆಯದು, 2025ರ ‘ಪ್ಯಾರಾಸೋಮ್ನಿಯಾ’. ಎರಡಕ್ಕೂ ನಿರ್ಮಾಪಕ ಪೆಟ್ರೂಚಿಯೇ, ಎರಡೂ ತಂಡದ ಸ್ವಂತ ಸ್ಟುಡಿಯೊದಲ್ಲಿ ಮುದ್ರಣವಾದವು, ಎರಡರ ಮಿಕ್ಸಿಂಗೂ ಆ್ಯಂಡಿ ಸ್ನೀಪ್ ಅವರದೇ. ಬದಲಾದದ್ದು ಡ್ರಮ್ ಸ್ಟೂಲಿನ ಮೇಲೆ ಕೂತವರು. ಇಬ್ಬರನ್ನೂ ತೂಗಬೇಕೆಂದರೆ 2009ರ ಎದುರು 2011ನ್ನು ಇಡುವ ಬದಲು ಈ ಜೋಡಿಯನ್ನು ಇಡಿ. ನನಗೆ ಕೇಳಿಸುವ ವ್ಯತ್ಯಾಸ ಹೀಗಿದೆ: ‘ದಿ ಏಲಿಯನ್’ನಲ್ಲಿ ಮ್ಯಾಂಜಿನಿ ರಿಫ್‌ನ ಒಳಗಿನ ಗಣಿತವನ್ನು ಬಿಡಿಸಿ ತೋರಿಸುತ್ತಾರೆ, ಸಿಂಬಲ್‌ಗಳ ಮೇಲೆ ಕೈ ಸುಮ್ಮನಿರುವುದೇ ಅಪರೂಪ. ‘ನೈಟ್ ಟೆರರ್’ನಲ್ಲಿ ಪೋರ್ಟ್‌ನಾಯ್ ಆ ಗಣಿತವನ್ನು ಮುಚ್ಚಿಟ್ಟು ಮೇಲೊಂದು ತಲೆದೂಗುವ ಬಡಿತ ಹಾಕುತ್ತಾರೆ, ಅದನ್ನು ಸುತ್ತು ಸುತ್ತಿಗೂ ಅಲಂಕರಿಸುವ ಆತುರ ಅವರಿಗಿಲ್ಲ. ಕೈಗಳ ನಿಖರತೆಯಲ್ಲಿ ಮ್ಯಾಂಜಿನಿ ಮುಂದು, ಎಲ್ಲಿ ಬಿಡಬೇಕೆಂಬ ಆಯ್ಕೆಯಲ್ಲಿ ಪೋರ್ಟ್‌ನಾಯ್ ಮುಂದು. ನಿಮ್ಮ ಕಿವಿ ಬೇರೆ ಹೇಳಿದರೆ ಅದನ್ನೇ ನಂಬಿ, ಈ ಜೋಡಿಯ ಮಟ್ಟಿಗೆ ಅದಕ್ಕೆ ಹಾಗೆ ಹೇಳುವ ಅಧಿಕಾರವಿದೆ.

ಇದಕ್ಕಿಂತ ರುಚಿಯಾದ ಪರೀಕ್ಷೆ ಇನ್ನೊಂದಿದೆ. 2024ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ಶುರುವಾದ ಪ್ರವಾಸದಲ್ಲಿ ತಂಡ ಮ್ಯಾಂಜಿನಿ ಕಾಲದ ಹಾಡುಗಳನ್ನೂ ನುಡಿಸಿತು: 2019ರ ‘ಬಾರ್‌ಸ್ಟೂಲ್ ವಾರಿಯರ್’, ನೀವು ಈಗ ಕೇಳುತ್ತಿರುವ ಆಲ್ಬಮ್‌ನ ‘ದಿಸ್ ಈಸ್ ದಿ ಲೈಫ್’. ಮೂಲ ಮ್ಯಾಂಜಿನಿಯದು, ಬಂದು ನುಡಿಸುತ್ತಿರುವವರು ಪೋರ್ಟ್‌ನಾಯ್. ‘ಬಾರ್‌ಸ್ಟೂಲ್ ವಾರಿಯರ್’ ಸ್ಟುಡಿಯೊ ಮುದ್ರಣವನ್ನು ಮೊದಲು ಕೇಳಿ, ಬಡಿತಗಳು ಬಾಯಿಪಾಠವಾಗುವವರೆಗೆ ಕೇಳಿ, ಆಮೇಲೆ ಪೋರ್ಟ್‌ನಾಯ್ ನುಡಿಸಿದ್ದಕ್ಕೆ ಹೋಗಿ. ‘ಇಲ್ಲಿ ಏನೋ ಕಡಿಮೆಯಾಯಿತಲ್ಲ’ ಎಂದು ಒಂದೆರಡು ಜಾಗದಲ್ಲಾದರೂ ಅನ್ನಿಸಿದರೆ, ಆ ಜಾಗಗಳನ್ನು ಗುರುತು ಹಾಕಿಟ್ಟುಕೊಂಡು ‘ಔಟ್‌ಕ್ರೈ’ಯನ್ನು ಮತ್ತೊಮ್ಮೆ ಹಾಕಿ.